ಚಿತಾಭಸ್ಮಕ್ಕೂ ಒಂದು ಪವಿತ್ರ ಸ್ಥಳ



ನಮ್ಮ ಹಿರಿಯರ ಕಾಲದಲ್ಲಿ ಮನೆಯಲ್ಲಿ ಸಾವಾದರೆ ಮುಂದೇನು ಮಾಡಬೇಕು ಎಂದು ಯಾರೂ ಕೇಳುತ್ತಿರಲಿಲ್ಲ. ದೇವಾಲಯದ ಗಂಟೆ ಬಾರಿಸುತ್ತಿತ್ತು. ನೆರೆಹೊರೆಯವರು ಬಂದು ಜಪಸರ ಹೇಳುತ್ತಿದ್ದರು. ಬಲಿಪೂಜೆ ಮುಗಿದ ಮೇಲೆ ಶಿಲುಬೆಯನ್ನು ಮುಂದಿಟ್ಟುಕೊಂಡು ಎಲ್ಲರೂ ಸ್ಮಶಾನಕ್ಕೆ ನಡೆಯುತ್ತಿದ್ದರು. ಗುರುಗಳು ತೀರ್ಥ ಚಿಮುಕಿಸಿ ಸಮಾಧಿಯನ್ನು ಆಶೀರ್ವದಿಸಿದ ಬಳಿಕ ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿ ಮನೆಗೆ ಮರಳುತ್ತಿದ್ದರು. ದುಃಖವಿತ್ತು, ಆದರೆ ಗೊಂದಲವಿರಲಿಲ್ಲ.

ಈಗ ಕಾಲ ಬದಲಾಗಿದೆ. ನಮ್ಮ ಒಂಟಿಕೊಪ್ಪಲ್, ಯಾದವಗಿರಿ, ಗೋಕುಲಂ, ಜಯಲಕ್ಷ್ಮೀಪುರಂ ಕಡೆಯ ಮನೆಗಳನ್ನೇ ನೋಡಿ. ಮಕ್ಕಳು ಲಂಡನ್ನಿನಲ್ಲೋ ಮೆಲ್ಬರ್ನಿನಲ್ಲೋ ಅಮೆರಿಕದಲ್ಲೋ ನೆಲೆಸಿದ್ದಾರೆ. ಮನೆಯಲ್ಲಿ ಹಿರಿಯರಿಬ್ಬರೇ, ಕೆಲವೆಡೆ ಒಬ್ಬರೇ. ಮೊಮ್ಮಗುವನ್ನು ನೋಡಿಕೊಳ್ಳಲೆಂದು ಮಗನ ಮನೆಗೆ ಹೋದ ತಾಯಿ ಅಲ್ಲಿಯೇ ಕಣ್ಣು ಮುಚ್ಚುತ್ತಾಳೆ. ಆಗ ಫೋನ್ ಬರುತ್ತದೆ: ''ಫಾದರ್, ದಹನ ಮಾಡಿಸಬಹುದೇ? ಬೂದಿಯನ್ನು ಇಲ್ಲಿಯ ಚಿತಾಗಾರದ ಹೂದೋಟದಲ್ಲಿಯೇ ಚೆಲ್ಲಿಬಿಡಬಹುದೇ?''

ಇವು ಎರಡು ಪ್ರಶ್ನೆಗಳು. ಉತ್ತರಗಳೂ ಎರಡು. ದಹನ ಮಾಡಿಸಬಹುದು ಎನ್ನುತ್ತದೆ ಧರ್ಮಸಭೆ. ಬೂದಿಯನ್ನು ಚೆಲ್ಲಬಾರದು ಎನ್ನುತ್ತದೆ ಅದೇ ಧರ್ಮಸಭೆ. ಮೊದಲನೆಯದಕ್ಕೆ ಒಪ್ಪಿ ಎರಡನೆಯದನ್ನು ಬೇಡವೆನ್ನುವುದೇಕೆ ಎಂಬುದು ಅನೇಕರಿಗೆ ತಿಳಿಯದು. ಸುಟ್ಟ ಮೇಲೆ ಉಳಿಯುವುದು ಬೂದಿ ತಾನೇ, ಅದು ಎಲ್ಲಿದ್ದರೇನು ಎಂದು ಕೇಳುವವರಿದ್ದಾರೆ. ಅವರಿಗೆ ಸಿಟ್ಟಿನಿಂದಲ್ಲ, ಪ್ರೀತಿಯಿಂದ ಉತ್ತರ ಕೊಡಬೇಕು.

ಅಕ್ಕನ ಮಾತು, ತಮ್ಮನ ಮಾತು

ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಇದು ಯಾವುದೋ ಒಂದು ಕುಟುಂಬದ ಕಥೆಯಲ್ಲ, ಇಂದು ಹಲವು ಕುಟುಂಬಗಳಲ್ಲಿ ನಡೆಯಬಹುದಾದದ್ದು. ತಾಯಿ ಲಂಡನ್ನಿನಲ್ಲಿ ಮಗನ ಮನೆಯಲ್ಲಿ ತೀರಿಕೊಂಡಿದ್ದಾಳೆ. ಶರೀರವನ್ನು ವಿಮಾನದಲ್ಲಿ ಊರಿಗೆ ತರುವುದು ದುಬಾರಿ. ಕಾಗದಪತ್ರಗಳ ಕೆಲಸವೂ ಬಹಳ. ಹಾಗಾಗಿ ಅಲ್ಲಿಯೇ ಬಲಿಪೂಜೆ ನಡೆಸಿ ದಹನ ಮಾಡಿಸಿದ್ದಾರೆ. ಈಗ ಬೂದಿಯ ಪಾತ್ರೆ ಚಿತಾಗಾರದವರ ವಶದಲ್ಲಿದೆ.

ತಮ್ಮ ಹೇಳುತ್ತಾನೆ: ''ಅಕ್ಕಾ, ಅಮ್ಮನಿಗೆ ಗಿಡ ಅಂದರೆ ಪ್ರಾಣ ಅಲ್ವಾ? ಇಲ್ಲಿಯ ತೋಟ ಎಷ್ಟು ಚೆನ್ನಾಗಿದೆ ಗೊತ್ತಾ. ಗುಲಾಬಿ ಗಿಡಗಳ ನಡುವೆ ಚೆಲ್ಲಿದರೆ ಅಮ್ಮ ಅಲ್ಲೇ ಹೂವಾಗಿ ಇರ್ತಾರೆ.''

ಒಂಟಿಕೊಪ್ಪಲಿನಿಂದ ಅಕ್ಕ ಉತ್ತರಿಸುತ್ತಾಳೆ: ''ಅಪ್ಪನ ಸಮಾಧೀಲಿ ಅಮ್ಮನಿಗೆ ಅಂತ ಜಾಗ ಬಿಟ್ಟಿಲ್ವೇನೋ? ಕಲ್ಲಿನ ಮೇಲೆ ಹೆಸರು ಕೆತ್ತಿಸೋಕೆ ಅರ್ಧ ಜಾಗ ಖಾಲಿ ಇದೆ. ನವೆಂಬರಿನಲ್ಲಿ ನಾನು ಯಾವ ಹೂವಿನ ಮುಂದೆ ಮೇಣದಬತ್ತಿ ಹಚ್ಚಲಿ?''

ಇಬ್ಬರದೂ ಪ್ರೀತಿಯೇ. ತಮ್ಮನನ್ನು ವಿಶ್ವಾಸವಿಲ್ಲದವನು ಎನ್ನುವಂತಿಲ್ಲ. ಅಕ್ಕನನ್ನು ಹಳೆಯ ಕಾಲದವಳು ಎನ್ನುವಂತೆಯೂ ಇಲ್ಲ. ಆದರೆ ಈ ಮಾತು ಸರಿಯಾಗಿ ತೀರ್ಮಾನವಾಗದಿದ್ದರೆ ಒಡಹುಟ್ಟಿದವರು ವರ್ಷಗಟ್ಟಲೆ ಮಾತು ಬಿಡುತ್ತಾರೆ. ತಾಯಿ ಸತ್ತ ದುಃಖದ ಮೇಲೆ ಮನೆ ಒಡೆದ ದುಃಖವೂ ಸೇರುತ್ತದೆ. ಆದ್ದರಿಂದಲೇ ಇದನ್ನು ಸಾವು ಬರುವ ಮೊದಲೇ, ಮನಸ್ಸು ತಿಳಿಯಾಗಿರುವಾಗಲೇ ಯೋಚಿಸುವುದು ಒಳ್ಳೆಯದು.

ಚಿತಾಗಾರದ ತೋಟ ಎಂದರೇನು ಎಂಬುದನ್ನೂ ತಿಳಿದುಕೊಳ್ಳೋಣ. ಇಂಗ್ಲೆಂಡಿನಲ್ಲಿ ಆಧುನಿಕ ರೀತಿಯ ಮೊದಲ ದಹನ ನಡೆದದ್ದು 1885ರಲ್ಲಿ, ವೋಕಿಂಗ್ ಎಂಬಲ್ಲಿ. 1902ರಲ್ಲಿ ಲಂಡನ್ನಿನ ಗೋಲ್ಡರ್ಸ್ ಗ್ರೀನ್ ಚಿತಾಗಾರ ಆರಂಭವಾಯಿತು. ಅದರ ವಿಶಾಲ ತೋಟ ಇಂದಿಗೂ ಪ್ರಸಿದ್ಧ. ಈಗ ಆ ದೇಶದಲ್ಲಿ ಸಾಯುವ ನಾಲ್ವರಲ್ಲಿ ಸುಮಾರು ಮೂವರಿಗೆ ದಹನವೇ ಆಗುತ್ತದೆ. ದೊಡ್ಡವರೊಬ್ಬರ ದಹನದ ನಂತರ ಎರಡರಿಂದ ಮೂರು ಕಿಲೋ ಬೂದಿ ಉಳಿಯುತ್ತದೆ. ಅದು ಒಲೆಯ ಬೂದಿಯಂಥದಲ್ಲ. ಬಹುಪಾಲು ಎಲುಬಿನ ಸುಣ್ಣದ ಅಂಶ, ಯಂತ್ರದಲ್ಲಿ ಪುಡಿಮಾಡಿದ್ದು. ಅದನ್ನು ಒಂದೇ ಕಡೆ ರಾಶಿ ಹಾಕಿದರೆ ಗಿಡಗಳಿಗೆ ಹಾನಿ. ಆದ್ದರಿಂದ ಹುಲ್ಲಿನ ಮೇಲೆ ತೆಳುವಾಗಿ ಎರಚುತ್ತಾರೆ. ನಿನ್ನೆ ಒಬ್ಬರದು, ಇಂದು ಇನ್ನೊಬ್ಬರದು. ಗುಲಾಬಿ ಗಿಡದ ಬುಡದ ನಾಮಫಲಕವೂ ಸಾಮಾನ್ಯವಾಗಿ ಇಂತಿಷ್ಟು ವರ್ಷಗಳ ಬಾಡಿಗೆಗೆ ಸಿಗುವಂಥದು. ಅವಧಿ ಮುಗಿದು ಯಾರೂ ಹಣ ಕಟ್ಟದಿದ್ದರೆ ಫಲಕ ಹೋಗುತ್ತದೆ. ತೋಟ ಸುಂದರವಾಗಿಯೇ ಉಳಿಯುತ್ತದೆ, ತಾಯಿ ಎಲ್ಲಿ ಎಂಬುದು ಮಾತ್ರ ಉಳಿಯುವುದಿಲ್ಲ.

ಧರ್ಮಸಭೆ ನಡೆದುಬಂದ ದಾರಿ

ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ದಹನಕ್ಕಾಗಿ ಚಳವಳಿ ಎದ್ದಾಗ ಅದರ ಮುಂದಾಳುಗಳಲ್ಲಿ ಕೆಲವರು ಪುನರುತ್ಥಾನದ ನಂಬಿಕೆಯನ್ನು ಹೀಯಾಳಿಸಲೆಂದೇ ಅದನ್ನು ಪ್ರಚಾರ ಮಾಡಿದರು. ಆದ್ದರಿಂದ 1886ರಲ್ಲಿ ರೋಮ್ ಅದನ್ನು ನಿಷೇಧಿಸಿತು. 1917ರ ಧರ್ಮಸಭಾ ಕಾನೂನಿನಲ್ಲಿಯೂ ಆ ನಿಷೇಧ ಉಳಿಯಿತು. ಸುಡುವುದು ತನ್ನಷ್ಟಕ್ಕೆ ಪಾಪ ಎಂದಲ್ಲ, ಸುಡುವವರ ಉದ್ದೇಶ ವಿಶ್ವಾಸಕ್ಕೆ ವಿರುದ್ಧವಾಗಿತ್ತು ಎಂಬ ಕಾರಣಕ್ಕೆ. ಕಾಲ ಸರಿದಂತೆ ಆ ಉದ್ದೇಶ ಮರೆಯಾಯಿತು. ಜಾಗದ ಕೊರತೆ, ಆರೋಗ್ಯ, ಖರ್ಚು ಮುಂತಾದ ಕಾರಣಗಳಿಗಾಗಿ ಜನ ದಹನವನ್ನು ಆರಿಸಿಕೊಳ್ಳತೊಡಗಿದರು. 1963ರ ಜುಲೈನಲ್ಲಿ ಧರ್ಮಸಭೆ ನಿಷೇಧವನ್ನು ಸಡಿಲಿಸಿತು. 1983ರ ಧರ್ಮಸಭಾ ಕಾನೂನಿನ 1176ನೆಯ ವಿಧಿ ಈ ನಿಲುವನ್ನು ಸ್ಪಷ್ಟವಾಗಿ ಹೇಳುತ್ತದೆ. ಭೂಸ್ಥಾಪನೆಯ ಭಕ್ತಿಯುತ ಪದ್ಧತಿಯನ್ನು ಉಳಿಸಿಕೊಳ್ಳಬೇಕೆಂಬುದು ಧರ್ಮಸಭೆಯ ಹಾರೈಕೆ. ಆದರೆ ಕ್ರೈಸ್ತ ಬೋಧನೆಗೆ ವಿರುದ್ಧವಾದ ಕಾರಣಗಳಿಗಾಗಿ ಆರಿಸಿಕೊಂಡಿದ್ದ ಹೊರತು ದಹನಕ್ಕೆ ನಿಷೇಧವಿಲ್ಲ.

ಬೂದಿಯ ವಿಷಯ ಸ್ಪಷ್ಟವಾದದ್ದು 2016ರಲ್ಲಿ. ಪೋಪ್ ಫ್ರಾನ್ಸಿಸರ ಒಪ್ಪಿಗೆ ಪಡೆದು, ಕ್ರಿಸ್ತರೊಡನೆ ಪುನರುತ್ಥಾನ ಹೊಂದುವುದನ್ನು ಕುರಿತ ಲತೀನ್ ಪದಗಳಿಂದ ಆರಂಭವಾಗುವ ಒಂದು ನಿರ್ದೇಶಪತ್ರ ಆ ವರ್ಷದ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಅದರ ಸಾರ ಹೀಗಿದೆ: ಬೂದಿಯನ್ನು ಸ್ಮಶಾನ, ದೇವಾಲಯ ಅಥವಾ ಅದಕ್ಕಾಗಿಯೇ ಮುಡಿಪಾಗಿಟ್ಟ ಪವಿತ್ರ ಸ್ಥಳದಲ್ಲಿ ಇರಿಸಬೇಕು. ತೀರಾ ಅಸಾಧಾರಣ ಸಂದರ್ಭದಲ್ಲಿ ಧರ್ಮಾಧ್ಯಕ್ಷರ ಅನುಮತಿಯಿಲ್ಲದೆ ಮನೆಯಲ್ಲಿ ಇಟ್ಟುಕೊಳ್ಳಬಾರದು. ಮಕ್ಕಳು ತಮ್ಮತಮ್ಮಲ್ಲಿ ಹಂಚಿಕೊಳ್ಳಬಾರದು. ಗಾಳಿಯಲ್ಲಾಗಲಿ ನೆಲದ ಮೇಲಾಗಲಿ ನೀರಿನಲ್ಲಾಗಲಿ ಚೆಲ್ಲಬಾರದು. ಒಡವೆಯೊಳಗೆ ಸೇರಿಸಿ ನೆನಪಿನ ವಸ್ತುವಾಗಿ ಮಾಡಿಕೊಳ್ಳಬಾರದು.

2023ರ ಡಿಸೆಂಬರಿನಲ್ಲಿ ಇಟಲಿಯ ಬೊಲೋನ್ಯಾದ ಮಹಾಧರ್ಮಾಧ್ಯಕ್ಷರು ಕೇಳಿದ ಪ್ರಶ್ನೆಗಳಿಗೆ ರೋಮ್ ಮತ್ತೆ ಉತ್ತರ ಕೊಟ್ಟಿತು. ಅನೇಕರ ಬೂದಿಯನ್ನು ಒಂದೇ ಪವಿತ್ರ ಸ್ಥಳದಲ್ಲಿ ಒಟ್ಟಾಗಿ ಶಾಶ್ವತವಾಗಿ ಇರಿಸಬಹುದು, ಆದರೆ ಪ್ರತಿಯೊಬ್ಬರ ಹೆಸರೂ ಅಲ್ಲಿ ಬರೆದಿರಬೇಕು. ಮಿಕ್ಕ ಬೂದಿ ಪವಿತ್ರ ಸ್ಥಳದಲ್ಲಿದ್ದು, ವಿಶ್ವಾಸಕ್ಕೆ ವಿರುದ್ಧವಾದ ತಪ್ಪು ಅರ್ಥಕ್ಕೆ ಎಡೆಯಿಲ್ಲದಿದ್ದರೆ, ಮೃತರ ಜೀವನದಲ್ಲಿ ಮುಖ್ಯವಾಗಿದ್ದ ಸ್ಥಳದಲ್ಲಿ ಅತ್ಯಲ್ಪ ಅಂಶವನ್ನು ಇಡಬೇಕೆಂಬ ಕುಟುಂಬದ ಕೋರಿಕೆಯನ್ನು ಧರ್ಮಸಭೆಯ ಅಧಿಕಾರಿಗಳು ಪರಿಶೀಲಿಸಬಹುದು. ಇಷ್ಟು ಸಡಿಲಿಕೆ ಕೊಟ್ಟಾಗಲೂ ಚೆಲ್ಲುವುದಕ್ಕೆ ಅನುಮತಿ ಬರಲಿಲ್ಲ ಎಂಬುದನ್ನು ಗಮನಿಸಿ.

ಕಾರಣವೇನು?

ಪವಿತ್ರ ಗ್ರಂಥವನ್ನು ತೆರೆಯೋಣ. ಸಾರಾ ಸತ್ತಾಗ ಅಬ್ರಹಾಮನು ಕಾನಾನ್ ನಾಡಿನಲ್ಲಿ ಪರದೇಶಿಯಾಗಿದ್ದನು. ಅವನಿಗೆ ಅಲ್ಲಿ ಗೇಣಗಲ ಸ್ವಂತ ನೆಲವಿರಲಿಲ್ಲ. ನಾನೂರು ಬೆಳ್ಳಿ ನಾಣ್ಯಗಳನ್ನು ತೂಗಿ ಕೊಟ್ಟು ಮಕ್ಪೇಲದ ಗವಿಯನ್ನು ಕೊಂಡುಕೊಂಡನು. ದೇವರು ವಾಗ್ದಾನ ಮಾಡಿದ ನಾಡಿನಲ್ಲಿ ಅವನ ಮೊದಲ ಸ್ವಂತ ಜಾಗ ಹೆಂಡತಿಯ ಸಮಾಧಿ. ಈಜಿಪ್ಟಿನಲ್ಲಿ ಸತ್ತ ಜೋಸೆಫನು ತನ್ನ ಎಲುಬುಗಳನ್ನು ಊರಿಗೆ ಒಯ್ಯಬೇಕೆಂದು ಪ್ರಮಾಣ ಮಾಡಿಸಿಕೊಂಡಿದ್ದನು. ಮೋಶೆ ಅವಸರವಸರವಾಗಿ ಹೊರಟ ಆ ರಾತ್ರಿಯಲ್ಲಿಯೂ ಅವುಗಳನ್ನು ಮರೆಯಲಿಲ್ಲ. ವಿದೇಶದಲ್ಲಿ ಸಾಯುವ ದುಃಖ ನಮ್ಮ ಕಾಲದ ಹೊಸ ದುಃಖವಲ್ಲ.

ದಹನದ ಪ್ರಸಂಗವೂ ಬೈಬಲಿನಲ್ಲಿದೆ. ಅರಸ ಸೌಲನೂ ಅವನ ಮಕ್ಕಳೂ ಯುದ್ಧದಲ್ಲಿ ಸತ್ತಾಗ ಶತ್ರುಗಳು ಅವರ ಶರೀರಗಳನ್ನು ಗೋಡೆಗೆ ತೂಗುಹಾಕಿದ್ದರು. ಯಾಬೇಷಿನ ಶೂರರು ರಾತ್ರಿಯೆಲ್ಲ ನಡೆದುಹೋಗಿ ಅವುಗಳನ್ನು ಇಳಿಸಿ ತಂದು ಸುಟ್ಟರು. ಆದರೆ ಸುಟ್ಟು ಸುಮ್ಮನಾಗಲಿಲ್ಲ. ಎಲುಬುಗಳನ್ನು ಆರಿಸಿ ತಮ್ಮ ಊರಿನ ಒಂದು ಮರದ ಕೆಳಗೆ ಹೂಳಿ ಏಳು ದಿನ ಉಪವಾಸ ಮಾಡಿದರು. ಧರ್ಮಸಭೆ ಇಂದು ನಮ್ಮಿಂದ ಕೇಳುವುದೂ ಬಹುಮಟ್ಟಿಗೆ ಇದನ್ನೇ: ಸುಡಬೇಕಾಗಿ ಬಂದರೆ ಸುಡಿ, ಉಳಿದದ್ದನ್ನು ಕೂಡಿಸಿ ಮಣ್ಣಿಗೆ ಕೊಡಿ, ಪ್ರಾರ್ಥನೆ ಮಾಡಿ.

ಧರ್ಮಸಭೆಯ ಚರಿತ್ರೆಯಲ್ಲಿ ಇನ್ನೆರಡು ಘಟನೆಗಳಿವೆ. ಎರಡನೆಯ ಶತಮಾನದ ಮಧ್ಯದಲ್ಲಿ ಸ್ಮಿರ್ನದ ಧರ್ಮಾಧ್ಯಕ್ಷರಾದ ಸಂತ ಪಾಲಿಕಾರ್ಪರ ದೇಹವನ್ನು ಬೆಂಕಿಗೆ ಹಾಕಲಾಯಿತು. ಕ್ರೈಸ್ತರು ಬೂದಿಯಲ್ಲಿ ಉಳಿದ ಅವರ ಎಲುಬುಗಳನ್ನು ರತ್ನಗಳಿಗಿಂತ ಹೆಚ್ಚೆಂದು ಆರಿಸಿಕೊಂಡು ತಕ್ಕ ಸ್ಥಳದಲ್ಲಿ ಇರಿಸಿ, ವರ್ಷಕ್ಕೊಮ್ಮೆ ಅಲ್ಲಿ ಕೂಡಿ ಪ್ರಾರ್ಥಿಸಲು ನಿಶ್ಚಯಿಸಿದರು. 177ರಲ್ಲಿ ಲಿಯೋನ್ ಪಟ್ಟಣದಲ್ಲಿ ಹಿಂಸಕರು ರಕ್ತಸಾಕ್ಷಿಗಳ ಶರೀರಗಳನ್ನು ಸುಟ್ಟು, ಬೂದಿಯನ್ನು ಗುಡಿಸಿ ರೋನ್ ನದಿಗೆ ಎಸೆದರು. ಇವರು ಇನ್ನು ಹೇಗೆ ಎದ್ದು ಬರುತ್ತಾರೋ ನೋಡೋಣ ಎಂಬುದು ಅವರ ಅಣಕ. ಈ ಎರಡೂ ಪ್ರಸಂಗಗಳಲ್ಲಿ ಬೂದಿಯನ್ನು ಚೆಲ್ಲಿದವರು ಯಾರು, ಕೂಡಿಸಿಟ್ಟವರು ಯಾರು ಎಂಬುದನ್ನು ನೀವೇ ನೋಡಿ.

ಕ್ರೈಸ್ತರು ಶರೀರಕ್ಕೆ ಇಷ್ಟು ಗೌರವ ಕೊಡುವುದೇಕೆ? ಶರೀರವೆಂದರೆ ಆತ್ಮ ಕಳಚಿ ಎಸೆದ ಹಳೆಯ ಅಂಗಿಯಲ್ಲ. ಸಂತ ಥಾಮಸ್ ಅಕ್ವಿನಾಸರು ಕಲಿಸಿದಂತೆ ಆತ್ಮವೊಂದೇ ಮನುಷ್ಯನಲ್ಲ. ಆತ್ಮ ಮತ್ತು ದೇಹ ಎರಡೂ ಸೇರಿಯೇ ಮನುಷ್ಯ. ನಿಮ್ಮ ತಾಯಿಯ ಪ್ರೀತಿ ನಿಮಗೆ ಬಂದದ್ದು ಆಕೆಯ ಕೈಗಳ ಮೂಲಕ, ಆಕೆ ಬಡಿಸಿದ ಅನ್ನದ ಮೂಲಕ, ಜ್ವರದ ರಾತ್ರಿಯಲ್ಲಿ ಹಣೆಯ ಮೇಲಿಟ್ಟ ಅಂಗೈಯ ಮೂಲಕ. ಆ ದೇಹದ ಮೇಲೆಯೇ ದೀಕ್ಷಾಸ್ನಾನದ ನೀರು ಬಿದ್ದಿತು. ಆ ನಾಲಗೆಯ ಮೇಲೆಯೇ ಪರಮಪ್ರಸಾದ ಇಳಿಯಿತು. ಪವಿತ್ರಾತ್ಮರ ಆಲಯವೆಂದು ಸಂತ ಪೌಲರು ಕರೆದದ್ದು ಆ ದೇಹವನ್ನೇ. ಆ ದೇಹವನ್ನೇ ಅವರು ಬೀಜಕ್ಕೂ ಹೋಲಿಸಿದರು. ಬೀಜವನ್ನು ಬಿತ್ತುವವನು ಎದುರುನೋಡುವುದು ಮೊಳಕೆಯನ್ನು. ಸಮಾಧಿಯ ಮುಂದೆ ನಿಂತ ಕ್ರೈಸ್ತನೂ ಹಾಗೆಯೇ ಎದುರುನೋಡುತ್ತಾನೆ.

ನಮ್ಮ ಊರಿನ ನೆನಪುಗಳು

ನಮ್ಮ ಒಂಟಿಕೊಪ್ಪಲು ಸೇರಿರುವ ವಾಣಿವಿಲಾಸ ಮೊಹಲ್ಲಾಕ್ಕೆ ಯಾರ ಹೆಸರು ಎಂದು ನಿಮಗೆ ಗೊತ್ತು. ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಪತಿ ಹತ್ತನೆಯ ಚಾಮರಾಜ ಒಡೆಯರು 1894ರ ಡಿಸೆಂಬರ್ 28ರಂದು ದೂರದ ಕಲ್ಕತ್ತೆಯಲ್ಲಿ ಗಂಟಲಮಾರಿಯಿಂದ ತೀರಿಕೊಂಡರು. ಮಗ ನಾಲ್ವಡಿ ಕೃಷ್ಣರಾಜರಿಗೆ ಆಗ ಹತ್ತು ವರ್ಷ. ಅರಸರ ಅಂತ್ಯಕ್ರಿಯೆ ಕಲ್ಕತ್ತೆಯಲ್ಲಿ, ಕಾಳೀಘಾಟದ ಬಳಿ ನಡೆಯಿತು. ಅಲ್ಲಿಯ ಕೇವರಾತಲಾ ಸ್ಮಶಾನದ ಪಕ್ಕದಲ್ಲಿ ಅವರ ನೆನಪಿನ ಗುಡಿಯೂ ಮೈಸೂರಿನ ಹೆಸರಿನ ತೋಟವೂ ಇವೆ. ಅವರು ನಮ್ಮ ಧರ್ಮದವರಲ್ಲ, ಆದರೂ ಆ ತೋಟ ನಮಗೆ ಒಂದು ಮಾತನ್ನು ಕಲಿಸುತ್ತದೆ. ದೂರದ ಊರಿನಲ್ಲಿ ಅಗಲಿದವರಿಗೆ ಒಂದು ಸ್ಥಳ, ಒಂದು ಹೆಸರು ಬೇಕೆಂಬುದು ಮನುಷ್ಯಹೃದಯದ ಬಯಕೆ. ಆ ಹೃದಯವನ್ನು ಉಂಟುಮಾಡಿದ ದೇವರೇ ಆ ಬಯಕೆಯನ್ನೂ ಇಟ್ಟಿದ್ದಾರೆ.

ಇದೇ ಒಂಟಿಕೊಪ್ಪಲಿನ 'ಉದಯರವಿ'ಯಲ್ಲಿ ಬಾಳಿದ ಕುವೆಂಪು 1994ರ ನವೆಂಬರಿನಲ್ಲಿ ನಿಧನರಾದಾಗ ಅವರ ಶರೀರವನ್ನು ಮಲೆನಾಡಿನ ಕುಪ್ಪಳಿಗೆ ಒಯ್ದು ಕವಿಶೈಲದಲ್ಲಿ ಅಂತ್ಯಸಂಸ್ಕಾರ ಮಾಡಲಾಯಿತು. ಇಂದಿಗೂ ಜನ ಅಲ್ಲಿಗೆ ಹೋಗಿ ಮೌನವಾಗಿ ನಿಲ್ಲುತ್ತಾರೆ.

ನಮ್ಮ ನೆರೆಯ ಹಿಂದೂ ಬಾಂಧವರು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋಗಿ ಕಾವೇರಿಯಲ್ಲಿ ಅಸ್ಥಿ ವಿಸರ್ಜಿಸುತ್ತಾರೆ. ಅದು ಅವರ ಶ್ರದ್ಧೆಯಿಂದ ಹುಟ್ಟಿದ ಪವಿತ್ರ ಕ್ರಿಯೆ. ಅದನ್ನು ಹಗುರವಾಗಿ ಕಾಣುವ ಹಕ್ಕು ನಮಗಿಲ್ಲ. ನೆರೆಮನೆಯವರ ಅಸ್ಥಿಯೊಂದಿಗೆ ನೀವು ಹೋಗಿ ಜೊತೆಯಲ್ಲಿ ನಿಂತರೆ ಅದು ಒಳ್ಳೆಯ ನೆರೆತನ. ಅವರು ತಮ್ಮ ನಂಬಿಕೆಗೆ ತಕ್ಕಂತೆ ನಡೆಯುವ ಹಾಗೆ ನಾವೂ ನಮ್ಮ ನಂಬಿಕೆಗೆ ತಕ್ಕಂತೆ ನಡೆಯಬೇಕು. ಚಿತಾಗಾರದ ತೋಟದಲ್ಲಿ ಚೆಲ್ಲುವುದರಲ್ಲಿ ಎಷ್ಟೋ ವೇಳೆ ಅವರ ಶ್ರದ್ಧೆಯೂ ಇರುವುದಿಲ್ಲ, ನಮ್ಮ ಭರವಸೆಯೂ ಇರುವುದಿಲ್ಲ. ಕೆಲಸ ಬೇಗ ಮುಗಿಯಲಿ ಎಂಬುದಷ್ಟೇ ಇರುತ್ತದೆ.

ಕೇಳಿಬರುವ ಆಕ್ಷೇಪಗಳು

''ಮಣ್ಣಿನಲ್ಲಿ ಮಣ್ಣಾಗುವುದು ತಾನೇ? ವಿಭೂತಿ ಬುಧವಾರ ನೀವೇ ಹಣೆಗೆ ಬೂದಿ ಹಚ್ಚಿ ನೆನಪಿಸುತ್ತೀರಲ್ಲ?'' ಎನ್ನುತ್ತಾರೆ ಕೆಲವರು. ಹೌದು. ಆದರೆ ವಿಭೂತಿ ಬುಧವಾರದಿಂದ ಆರಂಭವಾದ ದಾರಿ ಪಾಸ್ಕ ಹಬ್ಬದಲ್ಲಿ ಮುಗಿಯುತ್ತದೆ. ಮಣ್ಣಾಗುತ್ತೇವೆ ಎಂಬುದು ಅರ್ಧ ಸತ್ಯ. ಮಣ್ಣಿನಿಂದ ಎಬ್ಬಿಸಲ್ಪಡುತ್ತೇವೆ ಎಂಬುದು ಉಳಿದರ್ಧ. ತಾಯಿ ಹೂವಾಗುತ್ತಾಳೆ ಎಂಬ ಮಾತು ಕೇಳಲು ಇಂಪು, ಆದರೆ ಅದು ತಾಯಿಗೆ ಕಡಿಮೆಯೇ ಆಯಿತು. ಹೂವಿಗೆ ಮಗನ ಹೆಸರು ಗೊತ್ತಿಲ್ಲ. ಕ್ರಿಸ್ತರ ವಾಗ್ದಾನದಲ್ಲಿ ತಾಯಿ ತಾಯಿಯಾಗಿಯೇ ಎದ್ದು ಬರುತ್ತಾಳೆ, ಮಗನನ್ನು ಗುರುತಿಸುತ್ತಾಳೆ.

''ಜವಾಹರಲಾಲ್ ನೆಹರೂ ಅವರ ಬೂದಿಯನ್ನು ಚೆಲ್ಲಲಿಲ್ಲವೇ?'' ಎನ್ನುತ್ತಾರೆ ಇನ್ನು ಕೆಲವರು. ನೆಹರೂ 1954ರಲ್ಲಿಯೇ ಮರಣಪತ್ರ ಬರೆದು, ಒಂದು ಹಿಡಿ ಬೂದಿಯನ್ನು ಗಂಗೆಗೂ ಹೆಚ್ಚಿನ ಭಾಗವನ್ನು ವಿಮಾನದಿಂದ ರೈತರ ಹೊಲಗಳ ಮೇಲೂ ಹಾಕಬೇಕೆಂದು ಕೇಳಿಕೊಂಡಿದ್ದರು. 1964ರಲ್ಲಿ ಹಾಗೆಯೇ ನಡೆಯಿತು. ನಾಡಿನ ಮಣ್ಣಿನಲ್ಲಿ ಒಂದಾಗಬೇಕೆಂಬ ಅವರ ದೇಶಪ್ರೇಮ ದೊಡ್ಡದು. ಧಾರ್ಮಿಕ ವಿಧಿಗಳು ಬೇಡವೆಂದೂ ಅವರು ನೇರವಾಗಿ ಬರೆದಿದ್ದರು. ಆ ಕ್ರಿಯೆ ಅವರ ನಂಬಿಕೆಗೆ ತಕ್ಕದ್ದಾಗಿತ್ತು. ನಮ್ಮ ಅಂತ್ಯಕ್ರಿಯೆಯೂ ನಮ್ಮ ನಂಬಿಕೆಯನ್ನು ಅಷ್ಟೇ ನೇರವಾಗಿ ಹೇಳಬೇಕಲ್ಲವೇ?

ಮೂರನೆಯದು ಬಲವಾದ ಆಕ್ಷೇಪ. ''ಸಂತರ ಅವಶೇಷಗಳನ್ನು ನೀವು ತುಂಡುತುಂಡಾಗಿ ಊರೂರಿಗೆ ಒಯ್ಯುತ್ತೀರಿ, ನಮ್ಮ ತಾಯಿಯ ಬೂದಿಯನ್ನು ಹಂಚಬೇಡಿ ಎನ್ನುತ್ತೀರಿ.'' ನಮ್ಮ ಮಹಾದೇವಾಲಯದ ನೆಲಮಾಳಿಗೆಯಲ್ಲಿ ಸಂತ ಫಿಲೋಮಿನಾರ ಅವಶೇಷವಿದೆ. ಅದನ್ನು 1926ರಲ್ಲಿ ತಂಬೂಚೆಟ್ಟಿಯವರು ಪಡೆದು ತಂದರು. 1933ರಲ್ಲಿ ಇಂದಿನ ದೇವಾಲಯಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದರು. ಅಲ್ಲಿಗೆ ಹೋದಾಗ ಗಮನಿಸಿ: ಅವಶೇಷ ಯಾರೊಬ್ಬರ ಸ್ವತ್ತೂ ಅಲ್ಲ. ಅದು ಪೀಠದ ಬಳಿ, ಧರ್ಮಸಭೆಯ ರಕ್ಷಣೆಯಲ್ಲಿ, ಎಲ್ಲ ಜನರ ಪ್ರಾರ್ಥನೆಯ ನಡುವೆ ಇದೆ. ಬೂದಿಯನ್ನು ನಾಲ್ಕು ಮನೆಗಳಿಗೆ ಹಂಚಿದರೆ ಆಗುವುದು ಇದರ ವಿರುದ್ಧ. ತಾಯಿ ಎಲ್ಲರಿಗೂ ಸೇರಿದವಳಾಗದೆ ಒಬ್ಬೊಬ್ಬರ ಕಪಾಟಿನ ವಸ್ತುವಾಗುತ್ತಾಳೆ. ಆ ಮಕ್ಕಳು ಮನೆ ಬದಲಾಯಿಸಿದಾಗ, ಅವರೂ ಸತ್ತಾಗ, ಮೂರನೆಯ ತಲೆಮಾರಿನವರಿಗೆ ಆ ಡಬ್ಬಿಯಲ್ಲಿ ಇರುವುದು ಯಾರೆಂದೇ ತಿಳಿಯದು.

ಈಗಾಗಲೇ ಚೆಲ್ಲಿಬಿಟ್ಟವರಿಗೆ

ಇದನ್ನು ಓದುತ್ತಿರುವವರಲ್ಲಿ ಕೆಲವರ ಎದೆ ಈಗ ಭಾರವಾಗಿರಬಹುದು. ನಾವು ತಿಳಿಯದೆ ಚೆಲ್ಲಿಬಿಟ್ಟೆವು ಎಂಬ ನೋವು ನಿಮಗಿದ್ದರೆ ಮುಂದಿನ ಮಾತುಗಳನ್ನು ನಿಧಾನವಾಗಿ ಓದಿ.

ಕೋವಿಡ್ ಕಾಲವನ್ನು ನೆನೆಯಿರಿ. 2021ರ ಬೇಸಿಗೆಯಲ್ಲಿ ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿ ನಿಂತಿದ್ದವು. ಕಾಯಿಲೆಯ ಭಯದಿಂದ, ಬಡತನದಿಂದ, ಮನೆಯವರೆಲ್ಲ ಆಸ್ಪತ್ರೆಯಲ್ಲಿದ್ದ ಕಾರಣದಿಂದ ಎಷ್ಟೋ ಜನರ ಬೂದಿಯನ್ನು ಒಯ್ಯಲು ಯಾರೂ ಬರಲಿಲ್ಲ. ಹಾಗೆ ಉಳಿದ ಐನೂರಕ್ಕೂ ಹೆಚ್ಚು ಮಂದಿಯ ಚಿತಾಭಸ್ಮವನ್ನು ಆ ಜೂನ್ ತಿಂಗಳಲ್ಲಿ ಸರ್ಕಾರವೇ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ವಿಸರ್ಜಿಸಿತು. ಅಗಲಿದವರ ಮುಖವನ್ನೂ ನೋಡಲಾಗದೆ ಹೋದ ಕುಟುಂಬಗಳು ನಮ್ಮ ನಡುವೆಯೂ ಇವೆ.

ಆ ಕಾಲದಲ್ಲಿ ಕೇರಳದ ಆಲಪ್ಪುಳ ಧರ್ಮಕ್ಷೇತ್ರ ತೋರಿಸಿದ ದಾರಿ ನೆನಪಿಡುವಂಥದು. ಕಡಲತೀರದ ಆ ನೆಲದಲ್ಲಿ ಸ್ವಲ್ಪ ಅಗೆದರೆ ನೀರು. ಕೋವಿಡ್ ನಿಯಮದಂತೆ ಆಳವಾದ ಗುಂಡಿ ತೋಡುವುದು ಕಷ್ಟ. 2020ರ ಜುಲೈನಲ್ಲಿ ಅಲ್ಲಿಯ ಧರ್ಮಾಧ್ಯಕ್ಷರು ಕೋವಿಡ್‌ನಿಂದ ಸತ್ತವರನ್ನು ದೇವಾಲಯದ ಸ್ಮಶಾನದಲ್ಲಿಯೇ ದಹಿಸಿ ಬೂದಿಯನ್ನು ಅಲ್ಲಿಯೇ ಹೂಳಲು ಅನುಮತಿ ಕೊಟ್ಟರು. ಕಷ್ಟಕಾಲದಲ್ಲಿಯೂ ಮೃತರನ್ನು ಧರ್ಮಕೇಂದ್ರದ ಮಡಿಲಿನಿಂದ ಹೊರಗೆ ಬಿಡಲಿಲ್ಲ.

ಹೀಗೆ ಮಾಡಲು ನಿಮಗೆ ಆಗದೆ ಹೋಗಿರಬಹುದು. ಆದರೆ ದೇವರಿಗೆ ಯಾರೂ ಕಳೆದುಹೋಗುವುದಿಲ್ಲ. ರೋನ್ ನದಿಯಲ್ಲಿ ತೇಲಿಹೋದ ರಕ್ತಸಾಕ್ಷಿಗಳನ್ನು ಧರ್ಮಸಭೆ ಸಂತರೆಂದು ಗೌರವಿಸುತ್ತದೆ. ಕಡಲಿನಲ್ಲಿ ಮುಳುಗಿದವರು, ಯುದ್ಧದಲ್ಲಿ ಗುರುತು ಸಿಗದೆ ಹೋದವರು, ಎಲ್ಲರನ್ನೂ ಅವರು ಬಲ್ಲರು. ಒಣಗಿದ ಎಲುಬುಗಳ ಕಣಿವೆಯನ್ನು ಪ್ರವಾದಿ ಯೆಜೆಕಿಯೇಲನಿಗೆ ತೋರಿಸಿದ ದೇವರಿಗೆ ಒಂದು ತೋಟದ ಹುಲ್ಲು ದೊಡ್ಡದಲ್ಲ. ಚೆಲ್ಲಬಾರದೆಂಬುದು ದೇವರಿಗೆ ತೊಂದರೆಯಾಗುತ್ತದೆ ಎಂದಲ್ಲ. ನಮ್ಮ ವಿಶ್ವಾಸ, ನಮ್ಮ ನೆನಪು, ನಮ್ಮ ಪ್ರಾರ್ಥನೆ ತೆಳುವಾಗುತ್ತವೆ ಎಂದು. ನೀವು ಈಗಲೂ ಮಾಡಬಹುದಾದದ್ದು ಇದೆ. ಕುಟುಂಬದ ಸಮಾಧಿಯ ಕಲ್ಲಿನ ಮೇಲೆ ಅವರ ಹೆಸರನ್ನೂ ಬರೆಸಿ. ವರ್ಷದ ಪೂಜೆ ಹೇಳಿಸಿ. ಮನಸ್ಸು ಚುಚ್ಚುತ್ತಿದ್ದರೆ ನಿಮ್ಮ ಗುರುಗಳ ಬಳಿ ಹೋಗಿ ಹೇಳಿಕೊಳ್ಳಿ. ಆ ಮೇಲೆ ಆ ಭಾರವನ್ನು ಹೊತ್ತು ತಿರುಗಬೇಡಿ.

ಸಂತ ಮೋನಿಕಾರ ಕೊನೆಯ ದಿನಗಳು

ಸಂತ ಅಗುಸ್ತೀನರ ತಾಯಿ ಮೋನಿಕಾ ಆಫ್ರಿಕಾದವರು. ಗಂಡನ ಪಕ್ಕದಲ್ಲಿಯೇ ತನ್ನನ್ನು ಹೂಳಬೇಕೆಂದು ಬಹುಕಾಲ ಆಸೆಪಟ್ಟು ಅಲ್ಲಿ ಜಾಗವನ್ನೂ ಸಿದ್ಧಮಾಡಿಸಿದ್ದರು. ಆದರೆ 387ರಲ್ಲಿ ಊರಿಗೆ ಮರಳುವ ದಾರಿಯಲ್ಲಿ, ರೋಮಿನ ಬಂದರಾದ ಓಸ್ತಿಯಾದಲ್ಲಿ ಕಾಯಿಲೆ ಬಿದ್ದರು. ಪರದೇಶದಲ್ಲಿ ಸಾಯದೆ ಊರಿನಲ್ಲಿ ಸಾಯುವಂತಾಗಲಿ ಎಂದು ಇನ್ನೊಬ್ಬ ಮಗ ಹೇಳಿದಾಗ ಆಕೆ ಅವನನ್ನು ತಡೆದು, ಈ ಶರೀರವನ್ನು ಎಲ್ಲಾದರೂ ಹೂಳಿರಿ, ಎಲ್ಲಿದ್ದರೂ ದೇವರ ಪೀಠದ ಬಳಿ ನನ್ನನ್ನು ನೆನೆಯಿರಿ, ಅಷ್ಟೇ ಸಾಕು ಎಂಬ ಅರ್ಥದ ಮಾತು ಹೇಳಿದರು.

ಈ ಮಾತಿನಲ್ಲಿ ಅಕ್ಕನಿಗೂ ಸಮಾಧಾನವಿದೆ, ತಮ್ಮನಿಗೂ ಸಮಾಧಾನವಿದೆ. ಮೈಸೂರಿನಲ್ಲಿಯೇ ಆಗಬೇಕೆಂಬ ಹಠ ಬೇಕಿಲ್ಲ. ಲಂಡನ್ನಿನ ಕಥೋಲಿಕ ಸ್ಮಶಾನವೂ ಪವಿತ್ರ ನೆಲವೇ. ಆದರೆ ಮೋನಿಕಾ ಎಲ್ಲಾದರೂ ಹೂಳಿ ಎಂದರೇ ಹೊರತು ಎಲ್ಲೂ ಗುರುತಿಲ್ಲದಂತೆ ಮಾಡಿ ಎನ್ನಲಿಲ್ಲ. ಮಕ್ಕಳು ಆಕೆಯನ್ನು ಓಸ್ತಿಯಾದಲ್ಲಿಯೇ ಹೂಳಿದರು. ಒಂದೂವರೆ ಸಾವಿರ ವರ್ಷಗಳ ಬಳಿಕ, 1945ರಲ್ಲಿ, ಅಲ್ಲಿ ನೆಲ ಅಗೆಯುವಾಗ ಆಕೆಯ ಸಮಾಧಿಲೇಖದ ಒಂದು ತುಂಡು ಸಿಕ್ಕಿತು.

ಹೆಸರು ಮುಖ್ಯ. ದೀಕ್ಷಾಸ್ನಾನದಲ್ಲಿ ದೇವರು ನಮ್ಮನ್ನು ಹೆಸರು ಹಿಡಿದು ಕರೆದರು. 2025ರ ಏಪ್ರಿಲಿನಲ್ಲಿ ತೀರಿಕೊಂಡ ಪೋಪ್ ಫ್ರಾನ್ಸಿಸರು ತಮ್ಮ ಸಮಾಧಿ ನೆಲದಲ್ಲಿ ಸರಳವಾಗಿರಲಿ, ಅದರ ಮೇಲೆ ತಮ್ಮ ಹೆಸರೊಂದೇ ಇರಲಿ ಎಂದು ಮರಣಪತ್ರದಲ್ಲಿ ಕೇಳಿಕೊಂಡಿದ್ದರು. ಅಮೃತಶಿಲೆಯ ಮಂಟಪ ಬೇಕಿಲ್ಲ. ಒಂದು ಹೆಸರು, ಒಂದು ಶಿಲುಬೆ, ಮೊಣಕಾಲೂರಲು ಒಂದಿಷ್ಟು ನೆಲ ಸಾಕು.

ಕುಟುಂಬಗಳು ಮಾಡಬೇಕಾದದ್ದು

ಮೊದಲನೆಯದಾಗಿ, ಹಿರಿಯರೇ, ನಿಮ್ಮ ಇಚ್ಛೆಯನ್ನು ಬದುಕಿರುವಾಗಲೇ ಮಕ್ಕಳಿಗೆ ಹೇಳಿ, ಒಂದು ಕಾಗದದಲ್ಲಿ ಬರೆದಿಡಿ. ಸಾವಿನ ಮಾತು ಅಪಶಕುನವಲ್ಲ. ಪ್ರತಿ ಜಪಸರದಲ್ಲಿಯೂ ನಮ್ಮ ಮರಣದ ಗಳಿಗೆಗಾಗಿ ಮಾತೆಯನ್ನು ಬೇಡಿಕೊಳ್ಳುವ ನಮಗೆ ಆ ಮಾತಿನ ಭಯವೇಕೆ?

ಎರಡನೆಯದಾಗಿ, ವಿದೇಶದಲ್ಲಿ ದಹನ ಅನಿವಾರ್ಯವಾದರೆ ಮೊದಲು ಶರೀರವನ್ನು ದೇವಾಲಯಕ್ಕೆ ತಂದು ಬಲಿಪೂಜೆ ಅರ್ಪಿಸಿ. ದಹನ ಆ ಮೇಲೆ ಆಗಲಿ. ಅರ್ಜಿಯಲ್ಲಿ ಬೂದಿಯ ಬಗ್ಗೆ ಕೇಳುವ ಕಲಂ ಇರುತ್ತದೆ. ದುಃಖದಲ್ಲಿ ಅದನ್ನು ಓದದೆ ಸಹಿ ಹಾಕಬೇಡಿ. ನಾವೇ ಬಂದು ಒಯ್ಯುತ್ತೇವೆ ಎಂದು ಬರೆಯಿರಿ. ಯಾರೂ ಒಯ್ಯದೆ ಬಿಟ್ಟ ಬೂದಿಯನ್ನು, ಮನೆಯವರಿಗೆ ತಿಳಿಸಿದ ನಂತರ, ತಮ್ಮ ಆವರಣದಲ್ಲಿ ಹೂಳಲು ಅಥವಾ ಚೆಲ್ಲಲು ಇಂಗ್ಲೆಂಡಿನ 2008ರ ನಿಯಮಗಳು ಚಿತಾಗಾರದವರಿಗೆ ಅವಕಾಶ ಕೊಡುತ್ತವೆ. ಎಷ್ಟೋ ವೇಳೆ ಯಾರೂ ತೀರ್ಮಾನಿಸದೆ ಇದ್ದದ್ದರಿಂದಲೇ ಹಾಗೆ ಆಗಿಬಿಡುತ್ತದೆ.

ಮೂರನೆಯದಾಗಿ, ಊರಿಗೆ ತರುವುದಾದರೆ ಮರಣ ಪ್ರಮಾಣಪತ್ರ, ಚಿತಾಗಾರದ ಪ್ರಮಾಣಪತ್ರ, ಭಾರತದ ರಾಯಭಾರ ಕಚೇರಿಯ ಪತ್ರ ಜೊತೆಯಲ್ಲಿರಲಿ. ಪಾತ್ರೆ ಬಿಗಿಯಾಗಿ ಮುಚ್ಚಿರಲಿ. ವಿಮಾನ ಕಂಪನಿಯವರನ್ನು ಮೊದಲೇ ವಿಚಾರಿಸಿ. ಬರುವ ಮುನ್ನ ನಿಮ್ಮ ಧರ್ಮಕೇಂದ್ರದ ಗುರುಗಳಿಗೆ ತಿಳಿಸಿದರೆ ಕುಟುಂಬದ ಸಮಾಧಿಯಲ್ಲಿಯೇ ಸ್ಥಾಪಿಸುವ ಬಗ್ಗೆ ಅವರು ದಾರಿ ತೋರಿಸುತ್ತಾರೆ. ಬೂದಿಯ ಪಾತ್ರೆಗೆ ಬೇಕಾಗುವ ಜಾಗ ಬಹಳ ಚಿಕ್ಕದು.

ನಾಲ್ಕನೆಯದಾಗಿ, ಒಡಹುಟ್ಟಿದವರೇ, ಜಗಳವಾಡಿ ಗೆಲ್ಲಬೇಡಿ. ಊರಿನಲ್ಲಿಯೋ ಅಲ್ಲಿಯೋ ಎಂಬುದನ್ನು ಒಟ್ಟಿಗೆ ಪ್ರಾರ್ಥಿಸಿ ತೀರ್ಮಾನಿಸಿ. ಒಬ್ಬರಿಗೆ ಸಮಾಧಿ ದೂರವಾದರೆ ಇನ್ನೊಬ್ಬರು ಅವರ ಪರವಾಗಿ ಅಲ್ಲಿ ಹೂವಿಡಲಿ.

ಪ್ರಿಯರೇ, ಮಗ್ದಲದ ಮರಿಯಳು ಪಾಸ್ಕದ ಮುಂಜಾನೆ ಸಮಾಧಿಯ ಬಳಿ ಅಳುತ್ತ ನಿಂತಿದ್ದಳು. ಪ್ರಭುವನ್ನು ಎಲ್ಲಿ ಇಟ್ಟಿದ್ದಾರೋ ತಿಳಿಯದು ಎಂಬುದೇ ಅವಳ ದುಃಖ. ಹುಡುಕಿಕೊಂಡು ಹೋಗಲು ಒಂದು ಸಮಾಧಿ ಇದ್ದುದರಿಂದಲೇ ಅವಳು ಅಲ್ಲಿಗೆ ಬಂದಳು. ಬಂದುದರಿಂದಲೇ ತನ್ನ ಹೆಸರು ಹಿಡಿದು ಕರೆದ ಧ್ವನಿಯನ್ನು ಕೇಳಿದಳು. ಎದುರಿಗೆ ನಿಂತವರನ್ನು ಅವಳು ಮೊದಲು ತೋಟದ ಮಾಲಿ ಎಂದುಕೊಂಡಿದ್ದಳು. ಕ್ರೈಸ್ತರ ಸಮಾಧಿಯೂ ತೋಟವೇ. ಅದರ ಮಾಲಿ ಪುನರುತ್ಥಾನರಾದ ಪ್ರಭು ಯೇಸು. ನಮ್ಮ ತಂದೆತಾಯಿಗಳನ್ನು ಅವರ ಕೈಗೆ ಒಪ್ಪಿಸೋಣ. ಎಲ್ಲಿ ಒಪ್ಪಿಸಿದೆವು ಎಂಬುದನ್ನು ಮಕ್ಕಳಿಗೆ, ಮೊಮ್ಮಕ್ಕಳಿಗೆ ತೋರಿಸೋಣ. ಈ ನವೆಂಬರ್ 2ರಂದು ಅವರನ್ನೂ ಕೈಹಿಡಿದು ಸ್ಮಶಾನಕ್ಕೆ ಕರೆದುಕೊಂಡು ಹೋಗೋಣ.

ಅಗಲಿದ ಎಲ್ಲ ವಿಶ್ವಾಸಿಗಳಿಗೆ, ಸಮಾಧಿಯಿರುವವರಿಗೂ ಸಮಾಧಿಯಿಲ್ಲದವರಿಗೂ, ಪ್ರಭು ನಿತ್ಯ ವಿಶ್ರಾಂತಿಯನ್ನು ದಯಪಾಲಿಸಲಿ. ಆಮೆನ್.